ಹಿಡಿಮಣ್ಣಿನ ಹಿರಿಮೆ

ಕಾರಹುಣ್ಣಿಮೆ ಕಳೆದ ಮೇಲೆ ಬರುವ ಜ್ಯೇಷ್ಠ ಮಾಸದ ಅಮಾವಾಸ್ಯೆಗೆ ಉತ್ತರ ಕರ್ನಾಟಕದಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಎಂದು ಹೆಸರು. ಮುಂಗಾರಿನ ಮೊದಲ ಮಳೆಗೆ ನೆಲವು ನೆನೆದು ಮೆದುವಾಗಿರುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳ್ಳಿಗಳಲ್ಲಿ ಅಂದು ಮನೆಮನೆಯ ಜಗಲಿಯ ಮೇಲೆ ಗೇಣುದ್ದಕ್ಕಿಂತಲೂ ಚಿಕ್ಕದಾದ ಒಂದು ಜೊತೆ ಮಣ್ಣಿನ ಎತ್ತುಗಳು ಬಂದು ನಿಲ್ಲುತ್ತವೆ. ಅವುಗಳ ಮುಂದೆ ಮಣ್ಣಿನದೇ ಒಂದು ಗೋದಲಿ. ಕೆಲವರು ಕುಂಬಾರನ ಮನೆಯಿಂದ ಎತ್ತುಗಳನ್ನು ತರುತ್ತಾರೆ. ಕೆಲವು ಮನೆಗಳಲ್ಲಿ ಮಕ್ಕಳೇ ಹೊಲದ ಮಣ್ಣು ತಂದು, ನಾದಿ, ಕೊಂಬು ತಿದ್ದಿ, ಡುಬ್ಬವನ್ನು ಎಬ್ಬಿಸಿ, ಕಣ್ಣಿಗೆ ಕಾಳು ಒತ್ತಿ ಎತ್ತು ಮಾಡುತ್ತಾರೆ. ಹೊಲದಲ್ಲಿ ದುಡಿಯುವ ಎತ್ತಿಗೆ ಸಲ್ಲುವ ಪೂಜೆಯು ಅಂದು ಅಂಗೈಯಗಲದ ಈ ಮಣ್ಣಿನ ಎತ್ತಿಗೂ ಸಲ್ಲುತ್ತದೆ.

ಹಬ್ಬ ಮುಗಿದ ಮೇಲೆ ಆ ಎತ್ತುಗಳು ಹಳ್ಳದ ನೀರನ್ನೋ ಬಾವಿಯನ್ನೋ ಸೇರಿ ಮರಳಿ ಮಣ್ಣಾಗುತ್ತವೆ. ಒಂದು ದಿನದ ಬಾಳಿಗಾಗಿ ಇಷ್ಟು ಕೈಕೆಲಸವೇಕೆ ಎಂದು ಯಾರೂ ಕೇಳುವುದಿಲ್ಲ. ಆದರೆ ಕೇಳಬೇಕಾದ ಬೇರೊಂದು ಪ್ರಶ್ನೆಯುಂಟು. ಹಿಡಿಮಣ್ಣಿನಿಂದ ಇಷ್ಟು ಚಿಕ್ಕದನ್ನು ಇಷ್ಟು ಅಂದವಾಗಿ ಮಾಡಬಲ್ಲ ಕೈಗಳಿಗೆ ಲೋಕದಲ್ಲಿ ದೊರೆಯುವ ಬೆಲೆ ಎಷ್ಟು? ಒಂದು ದೇಶದಲ್ಲಿ ಅಂಗೈಯಲ್ಲಿ ಅಡಗುವ ಒಂದು ಮಣ್ಣಿನ ಪಾತ್ರೆಯು ಕೋಟಿಗಟ್ಟಲೆ ಹಣಕ್ಕೆ ಮಾರಾಟವಾಗಿದೆ. ನಮ್ಮಲ್ಲಿ ಅದೇ ಬಗೆಯ ಜಾಣ್ಮೆಯು ಸಂತೆಯ ಮೂಲೆಯಲ್ಲಿ ಗಿರಾಕಿಗಾಗಿ ಕಾದು ಕುಳಿತಿರುತ್ತದೆ. ಈ ಅಂತರವು ಮಣ್ಣಿನಲ್ಲಿದೆಯೇ, ಕೈಯಲ್ಲಿದೆಯೇ, ಅಥವಾ ನೋಡುವ ಕಣ್ಣಿನಲ್ಲಿದೆಯೇ? ಈ ಪಾಠದಲ್ಲಿ ಅದನ್ನು ಸ್ವಲ್ಪ ವಿಚಾರ ಮಾಡೋಣ.

ಮೊದಲು ನಮ್ಮ ಮಣ್ಣನ್ನು ನೋಡೋಣ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ತೊಗರಿ ಮತ್ತು ಜೋಳದ ನಾಡು. ಮಹಾರಾಷ್ಟ್ರದಿಂದ ಇಳಿದು ಬರುವ ಭೀಮಾ ನದಿಯು ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹೊಲಗಳನ್ನು ತೋಯಿಸಿ ಕೃಷ್ಣೆಯತ್ತ ಸಾಗುತ್ತದೆ. ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ಹೊಳೆಯು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಕೂಡಿಕೊಳ್ಳುತ್ತದೆ. ಈ ಸೀಮೆಯ ಬಹುಭಾಗವನ್ನು ಹೊದೆದಿರುವುದು ಎರೆಮಣ್ಣು. ಕೋಟ್ಯಂತರ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಡಿದ ಲಾವಾರಸವು ಆರಿ ಕಲ್ಲಾಗಿ, ಆ ಕಪ್ಪುಕಲ್ಲು ಸವೆದು ಉಂಟಾದ ಮಣ್ಣು ಇದು. ನೀರನ್ನು ಕುಡಿದರೆ ಇದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಗೆಯಲ್ಲಿ ಹೊಲಗಳಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲವಾದ ಬಿರುಕುಗಳು ಬಾಯಿ ತೆರೆಯುವುದನ್ನು ನೀವು ಕಂಡಿರಬಹುದು.

ಬೆಳೆಗೆ ಒಳ್ಳೆಯದಾದ ಈ ಗುಣವು ಕುಂಬಾರನಿಗೆ ತೊಡಕನ್ನು ತರುತ್ತದೆ. ಬರಿಯ ಎರೆಮಣ್ಣಿನಿಂದ ಗಡಿಗೆಯನ್ನು ಮಾಡಿದರೆ ಅದು ಒಣಗುವಾಗಲೇ ಸೀಳಿಹೋಗುತ್ತದೆ. ಆದುದರಿಂದ ಕುಂಬಾರನು ಕೆರೆಯ ತಳದ ಮಣ್ಣನ್ನೋ ಹೊಳೆದಂಡೆಯ ಮೆಕ್ಕಲನ್ನೋ ಹುಡುಕಿ ತರುತ್ತಾನೆ. ಅದನ್ನು ಒಣಗಿಸಿ, ಕುಟ್ಟಿ, ಕಲ್ಲು ಬೇರುಗಳನ್ನು ಆರಿಸಿ, ನೀರಿನಲ್ಲಿ ನೆನೆಹಾಕುತ್ತಾನೆ. ಬಳಿಕ ಅದಕ್ಕೆ ಸಣ್ಣ ಮರಳು, ಬೂದಿ, ಲದ್ದಿ ಮೊದಲಾದುವುಗಳಲ್ಲಿ ತಕ್ಕುದನ್ನು ತಕ್ಕಷ್ಟು ಬೆರಸುತ್ತಾನೆ. ಮರಳು ಮಣ್ಣಿನ ಕುಗ್ಗುವಿಕೆಯನ್ನು ತಡೆಯುತ್ತದೆ. ಲದ್ದಿಯ ನಾರು ಹಸಿಯ ಪಾತ್ರೆಗೆ ಬಿಗಿಯನ್ನು ಕೊಟ್ಟು, ಬೆಂಕಿಯಲ್ಲಿ ತಾನು ಸುಟ್ಟುಹೋಗಿ, ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರಗಳನ್ನು ಉಳಿಸುತ್ತದೆ. ಎಷ್ಟು ಮಣ್ಣಿಗೆ ಎಷ್ಟು ಮರಳು ಎಂಬುದಕ್ಕೆ ತಕ್ಕಡಿಯಿಲ್ಲ. ಹೆಬ್ಬೆರಳು ತೋರುಬೆರಳುಗಳ ನಡುವೆ ಮಣ್ಣನ್ನು ಹೊಸೆದು ನೋಡುವುದೇ ಅದರ ಪರೀಕ್ಷೆ. ತಲೆಮಾರುಗಳ ಅನುಭವವು ಅಲ್ಲಿ ಬೆರಳ ತುದಿಗೆ ಬಂದು ನಿಂತಿರುತ್ತದೆ.

ಕುಂಬಾರನ ಚಕ್ರಕ್ಕೆ ತಿಗರಿ ಎಂದು ಹೆಸರು. ಕೋಲಿನಿಂದ ತಿಗರಿಯನ್ನು ವೇಗವಾಗಿ ತಿರುಗಿಸಿ, ಅದರ ನಡುವೆ ಮಣ್ಣಿನ ಮುದ್ದೆಯನ್ನಿಟ್ಟು, ಎರಡು ಕೈಗಳ ಒತ್ತಡದಿಂದ ಅದನ್ನು ಮೇಲಕ್ಕೆ ಎಬ್ಬಿಸುತ್ತಾನೆ. ಆದರೆ ಗಡಿಗೆಯು ತಿಗರಿಯ ಮೇಲೆಯೇ ಪೂರ್ತಿಯಾಗಿ ಸಿದ್ಧವಾಗುತ್ತದೆ ಎಂದು ತಿಳಿಯಬಾರದು. ತಿಗರಿಯಿಂದ ಇಳಿದಾಗ ಅದರ ಕಂಠ ಮಾತ್ರ ತಿದ್ದಿದಂತಿರುತ್ತದೆ. ಒಡಲು ದಪ್ಪವಾಗಿದ್ದು ಬುಡವು ತೆರೆದೇ ಇರುತ್ತದೆ. ಅದು ಸ್ವಲ್ಪ ಆರಿದ ಮೇಲೆ, ಒಳಗಡೆ ಒಂದು ನುಣುಪಾದ ಕಲ್ಲನ್ನು ಆನಿಸಿ ಹಿಡಿದು, ಹೊರಗಡೆ ಮರದ ಹಲಗೆಯಿಂದ ಮೆಲ್ಲಗೆ ಬಡಿಯುತ್ತ ಹೋಗಬೇಕು. ಬಡಿದಂತೆಲ್ಲ ಮಣ್ಣು ಹರಡುತ್ತದೆ, ಒಡಲು ತೆಳುವಾಗುತ್ತದೆ, ಬುಡವು ಮುಚ್ಚಿಕೊಂಡು ದುಂಡಗಾಗುತ್ತದೆ. ಕುಂಬಾರ ಓಣಿಯಲ್ಲಿ ನಡೆದು ಹೋಗುವವರಿಗೆ ಕೇಳಿಸುವ ತಟತಟ ಸದ್ದು ಇದೇ. ಒಂದು ಪೆಟ್ಟು ಹೆಚ್ಚಾದರೆ ಗಡಿಗೆ ತೂತಾಗುತ್ತದೆ. ಕಡಿಮೆಯಾದರೆ ಒಂದು ಕಡೆ ದಪ್ಪವಾಗಿ ಉಳಿದು ಬೆಂಕಿಯಲ್ಲಿ ಒಡೆಯುತ್ತದೆ. ಮಣ್ಣನ್ನು ಹದಗೊಳಿಸುವುದು, ಪಾತ್ರೆಗಳನ್ನು ಒಣಗಿಸುವುದು, ಬಣ್ಣ ಬಳಿಯುವುದು, ಸಂತೆಗೆ ಒಯ್ದು ಮಾರುವುದು ಮುಂತಾದ ಅರ್ಧಕ್ಕಿಂತಲೂ ಹೆಚ್ಚಿನ ಕೆಲಸವು ಮನೆಯ ಹೆಂಗಸರದು. ಕಸುಬು ಒಬ್ಬನದಲ್ಲ, ಇಡೀ ಕುಟುಂಬದ್ದು.

ಒಣಗಿದ ಪಾತ್ರೆಗಳನ್ನು ಸುಡುವ ಸ್ಥಳಕ್ಕೆ ಆವಿಗೆ ಎನ್ನುತ್ತಾರೆ. ಕುಳ್ಳು, ಕಟ್ಟಿಗೆ, ಹುಲ್ಲುಗಳ ನಡುವೆ ಪಾತ್ರೆಗಳನ್ನು ಜೋಡಿಸಿ, ಮೇಲೆ ಬೂದಿ ಮಣ್ಣುಗಳನ್ನು ಮುಚ್ಚಿ ಬೆಂಕಿ ಕೊಡುತ್ತಾರೆ. ಇಂಥ ಆವಿಗೆಯಲ್ಲಿ ಕಾವು ಸಾಮಾನ್ಯವಾಗಿ 700ರಿಂದ 850 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ಮಣ್ಣಿನ ಕಣಗಳು ಆ ಕಾವಿನಲ್ಲಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಇನ್ನು ಮುಂದೆ ಅವು ನೀರಿನಲ್ಲಿ ಕರಗುವುದಿಲ್ಲ. ಗಾಳಿಯು ಧಾರಾಳವಾಗಿ ಆಡಿದರೆ ಮಣ್ಣಿನಲ್ಲಿರುವ ಕಬ್ಬಿಣದ ಅಂಶವು ಆಮ್ಲಜನಕದೊಡನೆ ಕೂಡಿ ಪಾತ್ರೆಗೆ ಕೆಂಪು ಬಣ್ಣವನ್ನು ತರುತ್ತದೆ. ಗಾಳಿಯನ್ನು ತಡೆದು ಹೊಗೆಯನ್ನು ಒಳಗೇ ಕಟ್ಟಿದರೆ ಪಾತ್ರೆ ಕಪ್ಪಾಗುತ್ತದೆ. ಈ ಗುಟ್ಟನ್ನು ನಮ್ಮ ಪೂರ್ವಿಕರು ಬಹಳ ಹಿಂದೆಯೇ ಅರಿತಿದ್ದರು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ನಡೆಸಿದ ಉತ್ಖನನದಲ್ಲಿ, ಒಳಗೆ ಕಪ್ಪು ಹೊರಗೆ ಕೆಂಪಾದ ಬೃಹತ್ ಶಿಲಾಯುಗದ ಪಾತ್ರೆಗಳು ದೊರೆತುವು. ಒಂದೇ ಪಾತ್ರೆಗೆ ಎರಡು ಬಣ್ಣಗಳನ್ನು ಕೊಡಲು ಬೆಂಕಿಯನ್ನೂ ಗಾಳಿಯನ್ನೂ ಆಳಬಲ್ಲವರು ಎರಡು ಸಾವಿರ ವರ್ಷಗಳಿಗೂ ಹಿಂದೆ ಈ ನಾಡಿನಲ್ಲಿದ್ದರು ಎಂಬುದಕ್ಕೆ ಅವೇ ಸಾಕ್ಷಿ.

ದೊಡ್ಡ ಹರವಿ, ಗುಡಾಣಗಳಂತೆಯೇ ಚಿಕ್ಕ ವಸ್ತುಗಳೂ ಈ ಕಸುಬಿನ ಮುಖ್ಯ ಅಂಗ. ದೀಪಾವಳಿಯ ಪಣತಿ, ಮದುವೆಯ ಐರಾಣಿಯ ಗಡಿಗೆಗಳು, ಮಜ್ಜಿಗೆ ತುಪ್ಪಗಳ ಕುಡಿಕೆ, ಮಕ್ಕಳ ಆಟದ ಒಲೆ ಗಡಿಗೆಗಳು ಒಂದೊಂದೂ ತಮ್ಮ ತಮ್ಮ ಕಾಲಕ್ಕೆ ಬೇಕಾದವು. ಮಣ್ಣೆತ್ತಿನ ಅಮಾವಾಸ್ಯೆಯಿಂದ ಮೊದಲಾಗಿ ಆಷಾಢದ ಗುಳ್ಳವ್ವ, ಪಂಚಮಿಯ ನಾಗಪ್ಪ, ಚೌತಿಯ ಗಣಪ, ಅವನ ಬೆನ್ನಿಗೇ ಬುಟ್ಟಿಯಲ್ಲಿ ಕುಳಿತು ಮನೆಮನೆಗೆ ಬರುವ ಜೋಕುಮಾರ, ಹೀಗೆ ಮಳೆಗಾಲದುದ್ದಕ್ಕೂ ಮಣ್ಣಿನ ಮೂರ್ತಿಗಳ ಸಾಲೇ ಬರುತ್ತದೆ. ಬಿತ್ತನೆಯ ಕಾಲದಲ್ಲಿ ರೈತನು ಮಣ್ಣಿಗೇ ಮಣ್ಣಿನ ರೂಪದಲ್ಲಿ ಕೈಮುಗಿಯುವ ಸಂಪ್ರದಾಯ ಇದು. ಪಣತಿಗಳನ್ನು ಮಾಡುವ ಕ್ರಮವನ್ನು ಒಮ್ಮೆ ನೋಡಬೇಕು. ತಿಗರಿಯ ಮೇಲೆ ಒಂದೇ ದೊಡ್ಡ ಮುದ್ದೆಯಿರುತ್ತದೆ. ಕುಂಬಾರನು ಅದರ ತುದಿಯಲ್ಲಿ ಮಾತ್ರ ಒಂದು ಪಣತಿಯನ್ನು ಎಬ್ಬಿಸಿ, ದಾರದಿಂದ ಕೊಯ್ದು ಕೆಳಗಿಡುತ್ತಾನೆ. ತಿಗರಿ ನಿಲ್ಲುವ ಮೊದಲೇ ಮತ್ತೊಂದು, ಅದರ ಹಿಂದೆ ಇನ್ನೊಂದು. ಅಳತೆಗೋಲಿಲ್ಲದೆ ಮಾಡಿದ ಆ ಪಣತಿಗಳನ್ನು ಸಾಲಾಗಿಟ್ಟರೆ ಅವಳಿಜವಳಿಗಳಂತೆ ಕಾಣುತ್ತವೆ.

ಈಗ ನಾವು ಚೀನಾ ದೇಶಕ್ಕೆ ಹೋಗಿ ಬರೋಣ. ಆ ದೇಶದ ಪೂರ್ವಭಾಗದ ಜಿಯಾಂಗ್ಸು ಪ್ರಾಂತದಲ್ಲಿ, ತೈ ಎಂಬ ವಿಶಾಲವಾದ ಸರೋವರದ ಪಶ್ಚಿಮ ದಂಡೆಯ ಸಮೀಪದಲ್ಲಿ ಯೀಶಿಂಗ್ ಎಂಬ ಊರುಂಟು. ಅಲ್ಲಿಯ ಬೆಟ್ಟಗಳಲ್ಲಿ ದೊರೆಯುವ ಒಂದು ಬಗೆಯ ಮಣ್ಣಿಗೆ ‘ಝಿಶಾ’ ಎಂದು ಹೆಸರು. ‘ನೇರಳೆ ಮರಳು’ ಎಂದು ಅದರ ಅರ್ಥ. ಅಗೆದು ತೆಗೆದಾಗ ಅದು ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಅದನ್ನು ಮಳೆ ಬಿಸಿಲುಗಳಿಗೆ ಒಡ್ಡಿ ಸಡಿಲಾಗಿಸಿ, ಬೀಸಿ, ಜರಡಿಯಾಡಿ, ನೀರಿನಲ್ಲಿ ಕಲಸಿ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಮಾಗಲು ಬಿಡುತ್ತಾರೆ. ಈ ಮಣ್ಣಿನಿಂದ ಅಲ್ಲಿಯವರು ಚಹಾ ಸೋಸುವ ಪುಟ್ಟ ಹೂಜಿಗಳನ್ನು ಮಾಡುತ್ತಾರೆ. ಅವುಗಳಲ್ಲಿ ಎಷ್ಟೋ ಹೂಜಿಗಳು ಅಂಗೈಯಲ್ಲಿ ಕುಳಿತುಕೊಳ್ಳುವಷ್ಟು ಚಿಕ್ಕವು. ಒಂದೆರಡು ಲೋಟ ನೀರಷ್ಟೇ ಅವುಗಳಲ್ಲಿ ಹಿಡಿಯುತ್ತದೆ. ಇನ್ನೂ ಚಿಕ್ಕವಾದ, ಹೆಬ್ಬೆರಳಿನಷ್ಟಿರುವ ಹೂಜಿಗಳನ್ನು ಕೈಚಳಕದ ಪರೀಕ್ಷೆಗೆಂದೇ ಮಾಡುವವರೂ ಇದ್ದಾರೆ.

ಈ ಕಲೆಯ ಮೂಲವನ್ನು ಕುರಿತು ಒಂದು ಐತಿಹ್ಯವುಂಟು. ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ಗೊಂಗ್ ಚುನ್ ಎಂಬ ಸೇವಕನು ಓದಿಗಾಗಿ ದೇವಾಲಯವೊಂದರಲ್ಲಿ ತಂಗಿದ್ದ ತನ್ನ ಒಡೆಯನ ಜೊತೆಗಿದ್ದನಂತೆ. ಅಲ್ಲಿಯ ಸನ್ಯಾಸಿಯೊಬ್ಬನು ಮಣ್ಣಿನ ಪಾತ್ರೆ ಮಾಡುವುದನ್ನು ನೋಡಿ ನೋಡಿ ಕಲಿತು, ಉಳಿದ ಮಣ್ಣಿನಿಂದ ತಾನೂ ಒಂದು ಹೂಜಿಯನ್ನು ಮಾಡಿದನಂತೆ. ಐತಿಹ್ಯವು ಹೇಗೇ ಇರಲಿ, ನಾನ್‌ಜಿಂಗ್ ನಗರದ ಬಳಿ 1533ನೆಯ ಇಸವಿಯ ಸಮಾಧಿಯೊಂದರಲ್ಲಿ ಈ ಬಗೆಯ ಒಂದು ಹೂಜಿ ದೊರೆತಿರುವುದರಿಂದ, ಕಲೆಯು ಸುಮಾರು ಐದು ನೂರು ವರ್ಷಗಳಷ್ಟು ಹಳೆಯದೆಂದು ನಿಶ್ಚಯಿಸಬಹುದು. ಹದಿನೇಳನೆಯ ಶತಮಾನದಲ್ಲಿ ಚಹಾದ ಪೆಟ್ಟಿಗೆಗಳ ಜೊತೆಗೆ ಈ ಹೂಜಿಗಳೂ ಯುರೋಪಿಗೆ ಹೋದುವು. ಹಾಲೆಂಡಿನ ಕುಂಬಾರರೂ ಜರ್ಮನಿಯ ಕುಂಬಾರರೂ ಇವುಗಳನ್ನು ನೋಡಿ ತಮ್ಮ ದೇಶದ ಮಣ್ಣಿನಲ್ಲಿ ಅಂಥವನ್ನೇ ಮಾಡಲು ತೊಡಗಿದರು.

ಯೀಶಿಂಗಿನ ಕುಶಲಕರ್ಮಿಯು ಇಂಥ ಹೂಜಿಯನ್ನು ಮಾಡುವ ಬಗೆಯು ಗಮನಿಸತಕ್ಕುದು. ಸಂಪ್ರದಾಯದ ಪ್ರಕಾರ ಅವನು ತಿಗರಿಯನ್ನು ಬಳಸುವುದಿಲ್ಲ. ಮಣ್ಣಿನ ಮುದ್ದೆಯನ್ನು ಮರದ ಕೊಡತಿಯಿಂದ ಬಡಿದು ರೊಟ್ಟಿಯಂತೆ ಸಮನಾದ ಹಾಳೆಯನ್ನಾಗಿ ಮಾಡುತ್ತಾನೆ. ಅದರಿಂದ ಒಂದು ಪಟ್ಟಿಯನ್ನು ಕೊಯ್ದು ಬಳೆಯಂತೆ ಸುತ್ತಿ ಕೂಡಿಸುತ್ತಾನೆ. ಬಳಿಕ ಒಳಗೆ ಬೆರಳುಗಳನ್ನು ಆನಿಸಿ, ಹೊರಗಿನಿಂದ ತೆಳುವಾದ ಮರದ ಹಲಗೆಯಿಂದ ಮೆಲ್ಲಗೆ ತಟ್ಟುತ್ತ ತಟ್ಟುತ್ತ ಅದನ್ನು ದುಂಡಗೆ ಮಾಡುತ್ತಾನೆ. ಇಲ್ಲಿ ಒಂದು ಕ್ಷಣ ನಿಂತು ನೋಡಿ: ಒಳಗೆ ಆಸರೆ, ಹೊರಗೆ ಹಲಗೆಯ ಪೆಟ್ಟು. ಭೀಮೆಯ ದಂಡೆಯಲ್ಲಿ ಗಡಿಗೆಯ ಒಡಲನ್ನು ತಿದ್ದುವ ಉಪಾಯವೂ ಇದೇ ಅಲ್ಲವೆ? ಒಬ್ಬರನ್ನೊಬ್ಬರು ಕಾಣದ ಎರಡು ನಾಡುಗಳ ಕೈಗಳು ಮಣ್ಣಿನ ಸ್ವಭಾವವನ್ನು ಅರಿತು ಒಂದೇ ತತ್ತ್ವಕ್ಕೆ ಬಂದು ಸೇರಿವೆ.

ಹೂಜಿಗೆ ಒಡಲಾದ ಮೇಲೆ ಮೂತಿ, ಹಿಡಿಕೆ, ಮುಚ್ಚಳಗಳನ್ನು ಬೇರೆ ಬೇರೆಯಾಗಿ ಮಾಡಿ ಕೂಡಿಸಬೇಕು. ವಸ್ತುವು ಚಿಕ್ಕದಾದಷ್ಟೂ ಕೆಲಸವು ಕಠಿಣವಾಗುತ್ತದೆ. ಒಂದು ಹರವಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೆ ಯಾರಿಗೂ ಕಾಣದು. ಅಂಗೈಯಗಲದ ಹೂಜಿಯಲ್ಲಿ ಅಷ್ಟೇ ವ್ಯತ್ಯಾಸದಿಂದ ಮುಚ್ಚಳವು ಕೂಡುವುದಿಲ್ಲ. ತೆಳುವಾದ ಮೂತಿಯು ದಪ್ಪವಾದ ಒಡಲಿಗಿಂತ ಬೇಗನೆ ಒಣಗುತ್ತದೆ; ಬೇಗ ಒಣಗಿದ್ದು ಬೇಗ ಕುಗ್ಗಿ ಕೂಡಿದ ಜಾಗದಲ್ಲಿ ಸೀಳುತ್ತದೆ. ಒಣಗಿ ಬೆಂದು ಮುಗಿಯುವ ಹೊತ್ತಿಗೆ ಮಣ್ಣು ಸುಮಾರು ಹತ್ತರಲ್ಲಿ ಒಂದು ಪಾಲು ಕುಗ್ಗುವುದರಿಂದ, ಹಸಿಯಲ್ಲಿರುವಾಗಲೇ ಆ ಕುಗ್ಗುವಿಕೆಯನ್ನು ಲೆಕ್ಕ ಹಾಕಿರಬೇಕು. ಮುಚ್ಚಳವನ್ನೂ ಒಡಲನ್ನೂ ಒಂದೇ ಮಣ್ಣಿನಿಂದ ಮಾಡಿ ಒಟ್ಟಿಗೆ ಒಣಗಿಸಿ ಒಟ್ಟಿಗೆ ಸುಡುವುದು ಇದೇ ಕಾರಣದಿಂದ. ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗಿದರೆ ಮಾತ್ರ ಅವುಗಳ ಜೊತೆ ಕೆಡುವುದಿಲ್ಲ.

ಒಳ್ಳೆಯ ಹೂಜಿಯನ್ನು ಪರೀಕ್ಷಿಸುವ ಬಗೆಯಲ್ಲಿ ವಿಜ್ಞಾನದ ಪಾಠವೇ ಅಡಗಿದೆ. ಮೂತಿಯ ತುದಿಯು ಹೂಜಿಯ ಬಾಯಿಗಿಂತ ಕೆಳಗಿರಬಾರದು. ಕೂಡಿಕೊಂಡಿರುವ ಪಾತ್ರೆಗಳಲ್ಲಿ ದ್ರವವು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ ಎಂಬುದನ್ನು ನೀವು ಓದಿದ್ದೀರಿ. ಮೂತಿ ತಗ್ಗಾದರೆ ಹೂಜಿ ತುಂಬುವ ಮೊದಲೇ ಚಹಾ ಹೊರಚೆಲ್ಲುತ್ತದೆ. ಮುಚ್ಚಳದ ಗುಬುಟಿಯಲ್ಲಿ ಸೂಜಿಯಷ್ಟು ಸಣ್ಣ ರಂಧ್ರವೊಂದಿರುತ್ತದೆ. ಚಹಾ ಬಸಿಯುವಾಗ ಆ ರಂಧ್ರವನ್ನು ಬೆರಳಿನಿಂದ ಮುಚ್ಚಿದರೆ ಧಾರೆಯು ಕೂಡಲೇ ನಿಲ್ಲಬೇಕು. ಒಳಗೆ ಗಾಳಿ ಹೋಗಲು ಬೇರೆ ದಾರಿಯಿಲ್ಲದಿದ್ದಾಗ ಹೊರಗಿನ ವಾಯುವಿನ ಒತ್ತಡವು ದ್ರವವನ್ನು ಹೊರಬೀಳದಂತೆ ತಡೆಯುತ್ತದೆ. ಧಾರೆ ನಿಂತರೆ ಮುಚ್ಚಳವು ಬಿಗಿಯಾಗಿದೆ ಎಂದು ಅರ್ಥ. ನಿಲ್ಲದೆ ತೊಟ್ಟಿಕ್ಕಿದರೆ ಎಲ್ಲೋ ಸಂದು ಉಳಿದಿದೆ ಎಂದು ಅರ್ಥ. ಕಣ್ಣಿಗೆ ಕಾಣದ ತಪ್ಪನ್ನು ನೀರು ತೋರಿಸಿಕೊಡುತ್ತದೆ.

ಯೀಶಿಂಗಿನ ಹೂಜಿಗೆ ಗಾಜಿನಂಥ ಹೊಳಪಿನ ಲೇಪವಿಲ್ಲ. ಅದನ್ನು ಸುಮಾರು 1,100ರಿಂದ 1,200 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಡುವುದರಿಂದ ಅದು ಕಲ್ಲಿನಂತೆ ಗಟ್ಟಿಯಾಗಿ, ನೀರನ್ನು ಹೊರಗೆ ಜಿನುಗಿಸುವುದಿಲ್ಲ. ನಮ್ಮ ಹರವಿಯ ಕಾವು ಅದಕ್ಕಿಂತ ಕಡಿಮೆ; ಆದುದರಿಂದ ಅದರಲ್ಲಿ ರಂಧ್ರಗಳು ಹೆಚ್ಚು. ಇದನ್ನು ಕಂಡು ನಮ್ಮ ಪಾತ್ರೆ ಕೀಳು, ಅವರದು ಮೇಲು ಎಂದು ಯಾರಾದರೂ ಅವಸರಪಟ್ಟು ತೀರ್ಮಾನಿಸಿದರೆ ಅದು ತಪ್ಪಾದೀತು. ಬೇಸಗೆಯಲ್ಲಿ ಬಿಸಿಲು 40 ಡಿಗ್ರಿಯನ್ನು ದಾಟುವ ಕಲಬುರಗಿ ಸೀಮೆಯಲ್ಲಿ ಬೇಕಾದುದು ಬಿಸಿ ಚಹಾವನ್ನು ಕಾಯುವ ಪಾತ್ರೆಯಲ್ಲ, ನೀರನ್ನು ತಣಿಸುವ ಪಾತ್ರೆ. ಹರವಿಯ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಉಷ್ಣವನ್ನು ಹೀರಿಕೊಂಡು ಹೋಗುತ್ತದೆ. ವಿದ್ಯುತ್ತಿನ ಹಂಗಿಲ್ಲದೆ ನೀರು ತಣ್ಣಗಾಗುತ್ತದೆ. ಅವರ ಹೂಜಿಗೆ ನೀರು ಜಿನುಗುವ ರಂಧ್ರವು ದೋಷ. ನಮ್ಮ ಹರವಿಗೆ ರಂಧ್ರವೇ ಗುಣ. ಎರಡೂ ತಮ್ಮ ತಮ್ಮ ನೆಲದ ಅಗತ್ಯವನ್ನು ಅರಿತು ಹುಟ್ಟಿದ ಜಾಣ್ಮೆಗಳು.

ಹಾಗಾದರೆ ಬೆಲೆಯಲ್ಲಿ ಇಷ್ಟು ಅಂತರವೇಕೆ? ಯೀಶಿಂಗಿನ ಕುಶಲಕರ್ಮಿಯು ತಾನು ಮಾಡಿದ ಹೂಜಿಯ ತಳದಲ್ಲಿ ತನ್ನ ಹೆಸರಿನ ಮುದ್ರೆಯನ್ನು ಒತ್ತುತ್ತಾನೆ. ಆದುದರಿಂದ ನೂರಾರು ವರ್ಷಗಳ ಹಿಂದಿನ ಶಿ ದಾಬಿನ್, ಚೆನ್ ಮಿಂಗ್‌ಯುವಾನ್ ಮೊದಲಾದವರ ಹೆಸರುಗಳು ಇಂದಿಗೂ ಉಳಿದಿವೆ. ಅಲ್ಲಿಯ ಕವಿಗಳೂ ಚಿತ್ರಕಾರರೂ ಹೂಜಿಗಳ ಮೇಲೆ ಬರೆದು, ಕೆತ್ತಿ, ಕುಂಬಾರರೊಡನೆ ಸರಿಸಮಾನರಾಗಿ ಕುಳಿತರು. ಗು ಜಿಂಗ್‌ಝೌ ಎಂಬ ಕುಶಲಕರ್ಮಿಯು 1915ರಿಂದ 1996ರವರೆಗೆ ಬಾಳಿದವನು. ಅವನು ಮಾಡಿದ ಒಂದು ಹೂಜಿಯು 2010ರ ಹರಾಜಿನಲ್ಲಿ ಒಂದು ಕೋಟಿ ಯುವಾನ್‌ಗೂ ಮಿಕ್ಕಿದ ಬೆಲೆಗೆ ಹೋಯಿತು.

ನಮ್ಮ ಹಳ್ಳಿಯ ಕುಂಬಾರನಾದರೋ ಊರಿನ ಆಯಗಾರರಲ್ಲಿ ಒಬ್ಬ. ವರ್ಷವಿಡೀ ಊರಿಗೆ ಬೇಕಾದ ಗಡಿಗೆ ಕುಡಿಕೆಗಳನ್ನು ಒದಗಿಸಿ, ಸುಗ್ಗಿಯಲ್ಲಿ ರೈತರ ಕಣಗಳಿಂದ ಕಾಳನ್ನು ಪಡೆಯುತ್ತಿದ್ದನು. ಹೊಟ್ಟೆಗೆ ಅದು ಆಧಾರವಾಯಿತು. ಆದರೆ ಗಡಿಗೆಯ ಮೇಲೆ ಅವನ ಹೆಸರು ಮೂಡಲಿಲ್ಲ. ಆಯದ ಪದ್ಧತಿ ಅಳಿದು, ಅಲ್ಯೂಮಿನಿಯಮ್, ಉಕ್ಕು, ಪ್ಲಾಸ್ಟಿಕ್ ಪಾತ್ರೆಗಳು ಸಂತೆಯನ್ನು ತುಂಬಿದಾಗ ಅವನನ್ನು ಹುಡುಕಿಕೊಂಡು ಬರುವವರು ಇಲ್ಲವಾದರು. ಹೆಸರಿಲ್ಲದ ಕೈಯನ್ನು ಮರೆಯುವುದು ಬಹಳ ಸುಲಭ.

ನಮ್ಮ ನಾಡಿನಲ್ಲಿ ಇದಕ್ಕೆ ಬೇರೆಯಾದ ಆದರ್ಶವು ಇರಲಿಲ್ಲವೆಂದಲ್ಲ. ಕಾಯಕವನ್ನೇ ಪೂಜೆಯೆಂದು ಬಗೆದ ಶರಣರಲ್ಲಿ ಬೀದರ ಸೀಮೆಯ ಭಾಲ್ಕಿಯ ಕುಂಬಾರ ಗುಂಡಯ್ಯನೂ ಒಬ್ಬನು. ಅವನು ಗಡಿಗೆಯನ್ನು ತಟ್ಟುವ ನಾದಕ್ಕೆ ಶಿವನೇ ಒಲಿದು ಕುಣಿದನೆಂದು ಕಥೆಯುಂಟು. ಮಹಾಕವಿ ಹರಿಹರನು ಅವನನ್ನು ಕುರಿತು ಒಂದು ರಗಳೆಯನ್ನೇ ರಚಿಸಿದ್ದಾನೆ. ಸಾಮ್ರಾಟರ ಚರಿತ್ರೆಯನ್ನು ಹಾಡುವ ಕಾಲದಲ್ಲಿ ಒಬ್ಬ ಕವಿಯು ಕುಂಬಾರನ ಹಲಗೆಯ ಸದ್ದಿಗೆ ಕಿವಿಗೊಟ್ಟನು. ಆ ಕಿವಿಯನ್ನು ನಾವು ಕಳೆದುಕೊಂಡಿದ್ದೇವೆಯೇ ಎಂಬುದು ಇಂದಿನ ಪ್ರಶ್ನೆ.

ಅಳಿವಿನ ಅಂಚಿಗೆ ಬಂದ ಕಸುಬು ಮರಳಿ ಚಿಗುರುವುದು ಸಾಧ್ಯವೆಂಬುದಕ್ಕೂ ಯೀಶಿಂಗೇ ನಿದರ್ಶನ. 1937ರಿಂದ 1945ರವರೆಗೆ ನಡೆದ ಯುದ್ಧದಲ್ಲಿ ಅಲ್ಲಿಯ ಆವಿಗೆಗಳು ತಣ್ಣಗಾದುವು; ಕುಶಲಕರ್ಮಿಗಳು ಚದರಿಹೋದರು. 1950ರ ದಶಕದಲ್ಲಿ ಉಳಿದಿದ್ದ ಕೆಲವೇ ಹಿರಿಯರನ್ನು ಸಹಕಾರ ಸಂಘವೊಂದರಲ್ಲಿ ಕೂಡಿಸಿ, ಹರೆಯದ ಹುಡುಗ ಹುಡುಗಿಯರನ್ನು ಅವರ ಬಳಿ ಶಿಷ್ಯರನ್ನಾಗಿ ಇಟ್ಟರು. ಗು ಜಿಂಗ್‌ಝೌ ಆ ಹಿರಿಯರಲ್ಲಿ ಒಬ್ಬನು. ಜಿಯಾಂಗ್ ರಾಂಗ್ ಎಂಬ ಮಹಿಳೆಯೂ ಅವರಲ್ಲಿದ್ದಳು. ಅವರು ಕಲಿಸಿದ ವಿದ್ಯೆಯೇ ಇಂದು ಅಲ್ಲಿಯ ಸಹಸ್ರಾರು ಕುಟುಂಬಗಳಿಗೆ ಅನ್ನವಾಗಿದೆ. 2006ರಲ್ಲಿ ಆ ಕಲೆಯು ಚೀನಾ ದೇಶದ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿತು.

ನಮ್ಮಲ್ಲಿಯೂ ಪ್ರಯತ್ನಗಳು ನಡೆಯದೆ ಇಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ತರಬೇತಿ ಸಂಸ್ಥೆಯಿದೆ. ಅದೇ ಆಯೋಗವು 2018ರಲ್ಲಿ ಆರಂಭಿಸಿದ ಯೋಜನೆಯೊಂದರ ಮೂಲಕ ಕುಂಬಾರರಿಗೆ ವಿದ್ಯುತ್ ತಿಗರಿಗಳನ್ನು ಹಂಚಲಾಯಿತು. ಕೋಲಿನಿಂದ ತಿಗರಿ ತಿರುಗಿಸುವ ಶ್ರಮವು ಅದರಿಂದ ತಪ್ಪುತ್ತದೆ. 2023ರಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿಯೂ ಕುಂಬಾರರಿಗೆ ಸ್ಥಾನವಿದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಗಣಪತಿಗಳು ಕೆರೆಗಳನ್ನು ಕೆಡಿಸುವುದನ್ನು ಕಂಡು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2020ರಲ್ಲಿ ಮೂರ್ತಿ ವಿಸರ್ಜನೆಯ ನಿಯಮಗಳನ್ನು ಬಿಗಿಗೊಳಿಸಿ ಮಣ್ಣಿನ ಮೂರ್ತಿಗಳಿಗೆ ಒತ್ತುಕೊಟ್ಟಿತು. ಇವೆಲ್ಲವೂ ಸ್ವಾಗತಾರ್ಹವಾದ ಸಂಗತಿಗಳೇ.

ಆದರೆ ತಿಗರಿಯನ್ನು ಹಂಚಿದ ಮಾತ್ರಕ್ಕೆ ಕಸುಬು ಉಳಿಯುವುದಿಲ್ಲ. ಮಣ್ಣು ದೊರೆಯಬೇಕು, ಕೆರೆಗಳು ಹೂಳಿಹೋಗಿ, ಒತ್ತುವರಿಯಾಗಿ ಅಳಿದರೆ ಕುಂಬಾರನು ಮಣ್ಣಿಗೆ ಎಲ್ಲಿ ಹೋದಾನು? ಕೊಳ್ಳುವವರು ಬೇಕು, ಮದುವೆಯ ಐರಾಣಿಗೂ ದೀಪಾವಳಿಯ ಪಣತಿಗೂ ಮಾತ್ರ ಅವನನ್ನು ನೆನೆದರೆ ವರ್ಷದ ಉಳಿದ ದಿನಗಳಲ್ಲಿ ಅವನ ಒಲೆ ಹೇಗೆ ಹೊತ್ತೀತು? ಎಲ್ಲಕ್ಕಿಂತ ಮಿಗಿಲಾಗಿ, ಕಲಿಯುವವರು ಬೇಕು. ಶಾಲೆಯಲ್ಲಿ ತಂದೆಯ ಕಸುಬನ್ನು ಹೇಳಲು ಕುಂಬಾರನ ಮಗನು ಹಿಂಜರಿಯುವಂತಾದರೆ, ಅವನು ನಾಳೆ ಪುಣೆಯ ಕಟ್ಟಡಗಳ ಕೆಲಸಕ್ಕೆ ಹೋದಾನೇ ಹೊರತು ತಿಗರಿಯ ಮುಂದೆ ಕೂಡಲಾರನು. ಬೇರೆ ಉದ್ಯೋಗವನ್ನು ಹಿಡಿಯುವ ಸ್ವಾತಂತ್ರ್ಯ ಅವನಿಗೆ ಇದ್ದೇ ಇದೆ. ಜಾತಿಯ ಕಾರಣದಿಂದ ಯಾರೂ ಯಾವ ಕಸುಬಿಗೂ ಕಟ್ಟುಬೀಳಬಾರದು. ಆದರೆ ನಾಚಿಕೆಯಿಂದ ಕಸುಬನ್ನು ಬಿಡುವುದು ಬೇರೆ, ಇಚ್ಛೆಯಿಂದ ಬಿಡುವುದು ಬೇರೆ. ಆ ನಾಚಿಕೆಯನ್ನು ಹುಟ್ಟಿಸಿದವರು ಅವನ ಸುತ್ತಲಿರುವ ನಾವು. ಹಾಗೆಯೇ ಕುಂಬಾರರಲ್ಲದ ಮನೆಗಳ ಹುಡುಗ ಹುಡುಗಿಯರೂ ಈ ವಿದ್ಯೆಯನ್ನು ಕಲಿಯಬಾರದೆಂಬ ನಿಯಮವೇನೂ ಇಲ್ಲ.

ಭೀಮೆಯ ದಂಡೆಯಲ್ಲಿ ಚಹಾದ ಹೂಜಿಯನ್ನು ಮಾಡುವ ಪದ್ಧತಿ ಹಿಂದಿನಿಂದ ಬಂದುದಲ್ಲ. ಚೀನೀಯರ ಹೂಜಿಯನ್ನು ನಾವು ಅನುಕರಿಸಿಯೇ ತೀರಬೇಕೆಂದೂ ಇಲ್ಲ. ಅವರಿಂದ ಕಲಿಯಬೇಕಾದುದು ಹೂಜಿಯ ಆಕಾರವನ್ನಲ್ಲ. ಮಾಡಿದವರ ಹೆಸರನ್ನು ನೆನೆಯುವ ರೂಢಿಯನ್ನು, ಚಿಕ್ಕ ವಸ್ತುವಿನಲ್ಲಿರುವ ದೊಡ್ಡ ಶ್ರಮವನ್ನು ಕಾಣುವ ದೃಷ್ಟಿಯನ್ನು. ಪಣತಿಯನ್ನು ಅವಳಿಜವಳಿಯಂತೆ ಎತ್ತಬಲ್ಲ ಕೈಗೆ ಲೋಟ, ಹೂಜಿ, ಬಟ್ಟಲು ಯಾವುದೂ ಅಸಾಧ್ಯವಲ್ಲ.

ಮುಂದಿನ ಮಣ್ಣೆತ್ತಿನ ಅಮಾವಾಸ್ಯೆಗೆ ನಿಮ್ಮ ಮನೆಗೆ ಎತ್ತುಗಳು ಬಂದಾಗ, ಜಗಲಿಯ ಮೇಲೆ ಇಡುವ ಮೊದಲು ಅವುಗಳನ್ನು ಒಮ್ಮೆ ಅಂಗೈಯ ಮೇಲಿಟ್ಟು ನೋಡಿರಿ. ಕೊಂಬಿನ ತಿರುವಿನಲ್ಲಿ, ಡುಬ್ಬದ ಮಗ್ಗುಲಲ್ಲಿ, ಒಣಗಿದ ಮಣ್ಣಿನ ಮೇಲೆ ಎಲ್ಲಿಯಾದರೂ ಒಂದು ಬೆರಳಿನ ಗುರುತು ಕಾಣಿಸೀತು. ಯೀಶಿಂಗಿನ ಕುಶಲಕರ್ಮಿಯು ಹೂಜಿಯ ತಳದಲ್ಲಿ ಒತ್ತುವ ಮುದ್ರೆಗೂ ಅದಕ್ಕೂ ಹೆಚ್ಚಿನ ಅಂತರವಿಲ್ಲ. ಅದೂ ಒಂದು ಸಹಿಯೇ. ಓದಲು ನಾವು ಕಲಿಯಬೇಕು, ಅಷ್ಟೆ.

ಪದಗಳ ಅರ್ಥ

ತಿಗರಿ – ಕುಂಬಾರನ ಚಕ್ರ
ಆವಿಗೆ – ಮಡಕೆಗಳನ್ನು ಸುಡುವ ಸ್ಥಳ
ಗೋದಲಿ – ದನಗಳಿಗೆ ಮೇವು ಹಾಕುವ ಜಾಗ
ಹರವಿ – ನೀರು ತುಂಬುವ ದೊಡ್ಡ ಮಣ್ಣಿನ ಪಾತ್ರೆ
ಪಣತಿ – ಹಣತೆ
ಐರಾಣಿ – ಮದುವೆಗಾಗಿ ಕುಂಬಾರರ ಮನೆಯಿಂದ ತರುವ ಗಡಿಗೆಗಳು
ಆಯ – ಹಳ್ಳಿಯ ಕಸುಬುದಾರರಿಗೆ ಸುಗ್ಗಿಯಲ್ಲಿ ಸಲ್ಲುತ್ತಿದ್ದ ಕಾಳಿನ ಪಾಲು
ಐತಿಹ್ಯ – ಪರಂಪರೆಯಿಂದ ಬಂದ ಕಥೆ

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಮಣ್ಣೆತ್ತಿನ ಅಮಾವಾಸ್ಯೆಯು ಯಾವ ಮಾಸದಲ್ಲಿ ಬರುತ್ತದೆ?
2. ಅಮರ್ಜಾ ಹೊಳೆಯು ಭೀಮೆಯನ್ನು ಎಲ್ಲಿ ಸೇರುತ್ತದೆ?
3. ‘ಝಿಶಾ’ ಎಂಬ ಮಾತಿನ ಅರ್ಥವೇನು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಬರಿಯ ಎರೆಮಣ್ಣಿನಿಂದ ಗಡಿಗೆಯನ್ನು ಏಕೆ ಮಾಡಲಾಗುವುದಿಲ್ಲ? ಕುಂಬಾರನು ಅದಕ್ಕೆ ಯಾವ ಉಪಾಯವನ್ನು ಮಾಡುತ್ತಾನೆ?
2. ಹೂಜಿಯ ಮುಚ್ಚಳದ ರಂಧ್ರವನ್ನು ಮುಚ್ಚಿದಾಗ ಧಾರೆಯು ನಿಲ್ಲುವುದು ಏಕೆ?
3. ‘ಅವರ ಹೂಜಿಗೆ ನೀರು ಜಿನುಗುವ ರಂಧ್ರವು ದೋಷ, ನಮ್ಮ ಹರವಿಗೆ ರಂಧ್ರವೇ ಗುಣ.’ ಈ ಮಾತನ್ನು ವಿವರಿಸಿರಿ.

ಇ. ವಿಚಾರ ಮಾಡಿ ಬರೆಯಿರಿ.
1. ಯೀಶಿಂಗಿನ ಕುಶಲಕರ್ಮಿಗೂ ನಮ್ಮ ಹಳ್ಳಿಯ ಕುಂಬಾರನಿಗೂ ಇರುವ ಸಾಮ್ಯ ಮತ್ತು ಭೇದಗಳನ್ನು ತಿಳಿಸಿರಿ.
2. ‘ನಾಚಿಕೆಯಿಂದ ಕಸುಬನ್ನು ಬಿಡುವುದು ಬೇರೆ, ಇಚ್ಛೆಯಿಂದ ಬಿಡುವುದು ಬೇರೆ.’ ಲೇಖಕರ ಈ ಅಭಿಪ್ರಾಯವನ್ನು ನೀವು ಒಪ್ಪುವಿರಾ? ಏಕೆ?

ಈ. ಮಾಡಿ ನೋಡಿರಿ.
ನಿಮ್ಮ ಊರಿನ ಕೆರೆಯ ಮಣ್ಣು ಮತ್ತು ಹೊಲದ ಮಣ್ಣುಗಳಿಂದ ಒಂದೇ ಅಳತೆಯ ಎರಡು ಬಿಲ್ಲೆಗಳನ್ನು ಮಾಡಿ ನೆರಳಿನಲ್ಲಿ ಒಣಗಿಸಿರಿ. ಯಾವುದು ಹೆಚ್ಚು ಕುಗ್ಗಿತು, ಯಾವುದು ಸೀಳಿತು ಎಂಬುದನ್ನು ಅಳೆದು ಬರೆದಿಡಿರಿ. ನಿಮ್ಮ ಊರಿನಲ್ಲಿ ಕುಂಬಾರಿಕೆ ಬಲ್ಲ ಹಿರಿಯರಿದ್ದರೆ ಅವರಿಗೆ ಅದನ್ನು ತೋರಿಸಿ, ಅವರ ಅಭಿಪ್ರಾಯವನ್ನು ಕೇಳಿರಿ.